ಡೀಕನ್ ತರಬೇತಿಯ ದಿನದ ಕೂಲಿ ಯಾರದು?



ವಿವಾಹಿತರೂ ಖಾಯಂ ಡೀಕನರಾಗಬಹುದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಸಾರಿತು. ಕನಿಷ್ಠ ಮೂರು ವರ್ಷದ ತರಬೇತಿ ಬೇಕು, ಹೆಂಡತಿಯ ಒಪ್ಪಿಗೆಯೂ ಬೇಕು. ಸರಿ. ಆದರೆ ಆ ಮೂರು ವರ್ಷ ಮನೆಯ ಒಲೆ ಉರಿಯುವುದು ಹೇಗೆ?

ಧರ್ಮಸಭೆಯ 1983ರ ಕಾನೂನು, 281ನೆಯ ವಿಧಿ ನೋಡಿ. ಪೂರ್ಣಾವಧಿ ಸೇವೆಗೆ ನಿಂತ ವಿವಾಹಿತ ಡೀಕನನಿಗೆ ಸಂಸಾರ ಸಾಗುವಷ್ಟು ವೇತನ ಸಲ್ಲಬೇಕು. ಬೇರೆ ಉದ್ಯೋಗದಿಂದ ಸಂಬಳ ಬರುವವನು ಅದರಲ್ಲೇ ಬದುಕಬೇಕು. ರಜೆಗೂ ಸಂಬಳವಿರುವ ಅಧಿಕಾರಿಗೆ ಇದು ಹೊರೆಯಲ್ಲ. ತೋಟದ ಕೂಲಿಯಾಳು ಒಂದು ದಿನ ತರಬೇತಿಗೆ ಹೋದರೆ ಆ ದಿನದ ಹಾಜರಿಯೇ ಹೋಯಿತು. ಹೀಗಾದರೆ ಬಲಿಪೀಠದ ಬಳಿ ನಿಲ್ಲುವವರು ಪಿಂಚಣಿದಾರರು ಮಾತ್ರ!

"ಕೂಲಿಯವರಿಗೆ ದೈವಶಾಸ್ತ್ರ ತಲೆಗೆ ಹತ್ತೀತೇ?" ಎಂದು ಕೇಳುವವರಿದ್ದಾರೆ. ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಬಿಷಪ್ ಸಾಮುಯೆಲ್ ರುಯಿಸ್ ಮುನ್ನೂರಕ್ಕೂ ಹೆಚ್ಚು ಆದಿವಾಸಿಗಳಿಗೆ ಡೀಕನ್ ದೀಕ್ಷೆ ಕೊಟ್ಟರು. ಹೆಚ್ಚಿನವರು ಹೊಲ ಗೇಯುವವರೇ. (ರೋಮ್ 2002ರಲ್ಲಿ ಹೊಸ ದೀಕ್ಷೆಗಳನ್ನು ತಡೆಯಿತು, 2014ರಲ್ಲಿ ತಡೆ ತೆಗೆಯಿತು.)

ಗುರುಮಠದ ವಿದ್ಯಾರ್ಥಿಗಳ ಊಟ ವಸತಿಗೆ ನಮ್ಮ ಕಾಣಿಕೆಯಿಂದ ಹಣ ತೆಗೆದಿಡುವ ಧರ್ಮಪ್ರಾಂತ, ಡೀಕನ್ ಅಭ್ಯರ್ಥಿಯ ತರಬೇತಿ ದಿನಗಳ ಕೂಲಿಯನ್ನೂ ತೆಗೆದಿಡಲಿ. ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಇದನ್ನು ಎದ್ದು ನಿಂತು ಕೇಳಿರಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.