ಒಟಿಪಿ ಬರುವ ದಾರಿಗೆ ಕಾವಲು ಯಾರದು?

ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ 2025ರ ಏಪ್ರಿಲ್ 22ರಂದು ಒಂದು ನಿಷೇಧವನ್ನು ಪ್ರಕಟಿಸಿತು. ಇಲ್ಲಿಯ ಮೊಬೈಲ್ ಕಂಪನಿಗಳು ತಮ್ಮ ‘ಗ್ಲೋಬಲ್ ಟೈಟಲ್’ಗಳನ್ನು ಇನ್ನು ಮುಂದೆ ಅನ್ಯರಿಗೆ ಗುತ್ತಿಗೆಗೆ ಕೊಡುವಂತಿಲ್ಲ. ಹೊಸ ಗುತ್ತಿಗೆಗಳಿಗೆ ಅಂದೇ ತಡೆ ಬಿದ್ದಿತು. ಹಳೆಯವುಗಳಿಗೆ 2026ರ ಏಪ್ರಿಲ್ 22ರ ಗಡುವು ಗೊತ್ತಾಯಿತು. ಎರಡು ಬಗೆಯ ಬಳಕೆಗಳಿಗೆ ಮಾತ್ರ ಅದೇ ವರ್ಷದ ಅಕ್ಟೋಬರ್‌ವರೆಗೆ ಅವಕಾಶ ದೊರೆಯಿತು. ಹೆಸರೇ ಅಪರಿಚಿತವಾದ ಈ ವಸ್ತುವಿನ ಸುದ್ದಿ ಕನ್ನಡಿಗರ ಕೂಟಗಳಲ್ಲಿ ಚರ್ಚೆಯಾಗಲಿಲ್ಲ. ಆಗಬೇಕಿತ್ತು. ಊರಿನ ಬ್ಯಾಂಕಿನಿಂದ ನಮ್ಮ ಕೈಗೆ ಒಟಿಪಿ ಬರುವ ದಾರಿಯಲ್ಲಿ ಯಾರು ಯಾರು ನಿಂತಿರಬಹುದು ಎಂಬ ಪ್ರಶ್ನೆಯೇ ಅದರೊಳಗೆ ಅಡಗಿದೆ.

ವಿದೇಶಕ್ಕೆ ಹೊರಟ ಬಹುಪಾಲು ಮಂದಿ ಊರಿನ ಸಿಮ್ಮನ್ನು ಬಿಟ್ಟು ಬರುವುದಿಲ್ಲ. ಬ್ಯಾಂಕು, ಆಧಾರ್, ಆದಾಯ ತೆರಿಗೆ, ತಂದೆತಾಯಿಯ ಆರೋಗ್ಯ ವಿಮೆ ಎಲ್ಲವೂ ಆ ಹತ್ತು ಅಂಕಿಗಳಿಗೆ ಕಟ್ಟಿಕೊಂಡಿರುತ್ತವೆ. ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಇಳಿದು ಆ ಸಿಮ್ ಇರುವ ಫೋನನ್ನು ತೆರೆದೊಡನೆ, ಇಲ್ಲಿಯ ಕಂಪನಿಯ ಯಂತ್ರವು ಭಾರತದ ಕಂಪನಿಗೆ ಒಂದು ಸಂದೇಶ ಕಳುಹಿಸುತ್ತದೆ: ‘ನಿಮ್ಮ ಗ್ರಾಹಕರು ಈಗ ನಮ್ಮಲ್ಲಿದ್ದಾರೆ.’ ಭಾರತದ ಕಂಪನಿಯಲ್ಲಿ ಎಚ್‌ಎಲ್‌ಆರ್ ಎಂಬ ಕೇಂದ್ರ ದಾಖಲೆಯಿದೆ. ಅದು ಹೊಸ ವಿಳಾಸವನ್ನು ಬರೆದುಕೊಂಡು ಹಳೆಯದನ್ನು ಅಳಿಸುತ್ತದೆ. ಆಮೇಲೆ ಬ್ಯಾಂಕು ಒಟಿಪಿ ಕಳುಹಿಸಿದಾಗ ಎಸ್ಸೆಮ್ಮೆಸ್ ಕೇಂದ್ರವು ಆ ದಾಖಲೆಯನ್ನೇ ಕೇಳಿ, ಅದು ತೋರಿಸಿದ ದಿಕ್ಕಿಗೆ ಸಂದೇಶವನ್ನು ದಾಟಿಸುತ್ತದೆ. ಬಳಕೆದಾರನ ಕಣ್ಣಿಗೆ ಬೀಳದ ಈ ಯಂತ್ರಸಂಭಾಷಣೆಗೆ ಸಿಗ್ನಲಿಂಗ್ ಎಂದು ಹೆಸರು. ಅದರ ಭಾಷೆ ಎಸ್‌ಎಸ್7. ಅದರಲ್ಲಿ ಪ್ರತಿಯೊಂದು ಯಂತ್ರಕ್ಕೂ ಇರುವ, ನೋಡಲು ಫೋನ್ ಸಂಖ್ಯೆಯಂತೆಯೇ ಇರುವ ವಿಳಾಸವೇ ಗ್ಲೋಬಲ್ ಟೈಟಲ್.

ಈ ಭಾಷೆ ಹುಟ್ಟಿದ ಸಂದರ್ಭ ಸ್ವಾರಸ್ಯಕರವಾಗಿದೆ. ಅಮೆರಿಕದ ಹಳೆಯ ದೂರವಾಣಿ ಜಾಲದಲ್ಲಿ ಮಾತು ಮತ್ತು ಆಜ್ಞೆ ಒಂದೇ ತಂತಿಯಲ್ಲಿ ಹರಿಯುತ್ತಿದ್ದವು. 2600 ಹರ್ಟ್ಸ್‌ನ ಸ್ವರ ಕೇಳಿದರೆ ದೂರದ ಕರೆಗಳ ತಂತಿ ಬಿಡುವಾಗಿದೆ ಎಂದು ವಿನಿಮಯ ಕೇಂದ್ರ ತಿಳಿಯುತ್ತಿತ್ತು. ಬೆಳಗಿನ ತಿಂಡಿಯ ಡಬ್ಬಿಯೊಂದರಲ್ಲಿ ಮಕ್ಕಳಿಗೆ ಉಚಿತವಾಗಿ ಕೊಡುತ್ತಿದ್ದ ಸೀಟಿಯೂ ಅದೇ ಸ್ವರವನ್ನು ಹೊರಡಿಸುತ್ತಿತ್ತು. ಅದನ್ನು ಊದಿ ಕಾಸು ತೆರದೆ ದೂರದ ಊರುಗಳಿಗೆ ಕರೆ ಮಾಡಿದ ಹುಡುಗರ ಕಥೆ ಪ್ರಸಿದ್ಧವಾಗಿದೆ. ಆಜ್ಞೆಗಳಿಗೆ ಪ್ರತ್ಯೇಕ ದಾರಿ ಮಾಡಿಕೊಟ್ಟ ಮೇಲೆ ಸೀಟಿಯ ಆಟ ನಿಂತಿತು. ಆ ಪ್ರತ್ಯೇಕ ದಾರಿಯೇ 1970ರ ದಶಕದಲ್ಲಿ ರೂಪುಗೊಂಡು 1980ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಎಸ್7. ಹೊರಗಿನವರು ಒಳಗೆ ಬಾರದಂತೆ ಅದು ಗೋಡೆ ಕಟ್ಟಿತು. ಆದರೆ ಒಳಗಿದ್ದವರನ್ನು ‘ನೀನು ಯಾರು’ ಎಂದು ಕೇಳುವ ಏರ್ಪಾಡು ಮಾಡಲಿಲ್ಲ. ಅಂದು ಒಳಗಿದ್ದವರು ಬಹುಪಾಲು ಸರ್ಕಾರಿ ಇಲಾಖೆಗಳು ಮತ್ತು ಕೆಲವೇ ದೊಡ್ಡ ಕಂಪನಿಗಳು. ಇಂದು ಜಗತ್ತಿನಲ್ಲಿ ನೂರಾರು ಕಂಪನಿಗಳಿವೆ. ಅವುಗಳಿಂದ ವಿಳಾಸವನ್ನು ಬಾಡಿಗೆಗೆ ಪಡೆದವರಿದ್ದಾರೆ, ಆ ಬಾಡಿಗೆದಾರರಿಂದ ಮತ್ತೆ ಪಡೆದವರೂ ಇದ್ದಾರೆ.

ಇದರ ಪರಿಣಾಮವನ್ನು ಜರ್ಮನಿ 2017ರಲ್ಲಿ ಅನುಭವಿಸಿತು. ವಂಚಕರು ಮೊದಲು ಗ್ರಾಹಕರ ಆನ್‌ಲೈನ್ ಬ್ಯಾಂಕಿಂಗ್ ಗುಪ್ತಪದಗಳನ್ನು ಕದ್ದರು. ಬಳಿಕ ವಿದೇಶಿ ಜಾಲವೊಂದರ ಮೂಲಕ ‘ಈ ಗ್ರಾಹಕರು ಈಗ ನಮ್ಮಲ್ಲಿದ್ದಾರೆ’ ಎಂಬ ಸುಳ್ಳು ಸಂದೇಶವನ್ನು ಕಳುಹಿಸಿ, ಬ್ಯಾಂಕಿನ ಎಸ್ಸೆಮ್ಮೆಸ್ ಸಂಕೇತಗಳನ್ನು ತಮ್ಮತ್ತ ತಿರುಗಿಸಿಕೊಂಡು ಖಾತೆಗಳನ್ನು ಬರಿದು ಮಾಡಿದರು. ಆ ವರ್ಷದ ಮೇ ತಿಂಗಳಲ್ಲಿ ‘ಜ್ಯೂಡ್‌ಡಾಯ್ಚ ತ್ಸೈಟುಂಗ್’ ಪತ್ರಿಕೆ ಇದನ್ನು ಬಯಲಿಗೆಳೆಯಿತು. ಜನವರಿಯಲ್ಲಿ ದಾಳಿ ನಡೆದದ್ದನ್ನು ಓ2 ಟೆಲಿಫೋನಿಕಾ ಒಪ್ಪಿಕೊಂಡಿತು. ಇಂಥದ್ದು ಸಾಧ್ಯವೆಂದು ಟೋಬಿಯಾಸ್ ಎಂಗೆಲ್ ಮತ್ತು ಕಾರ್ಸ್ಟೆನ್ ನೋಲ್ ಎಂಬ ತಜ್ಞರು 2014ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸಮ್ಮೇಳನವೊಂದರಲ್ಲಿ ತುಂಬಿದ ಸಭೆಯ ಮುಂದೆಯೇ ತೋರಿಸಿಕೊಟ್ಟಿದ್ದರು. ಎರಡು ವರ್ಷಗಳ ಕಾಲಾವಕಾಶ ಇತ್ತು. ಬ್ರಿಟನ್ನಿನಲ್ಲಿಯೂ 2019ರಲ್ಲಿ ಮೆಟ್ರೋ ಬ್ಯಾಂಕಿನ ಕೆಲವು ಗ್ರಾಹಕರು ಇದೇ ಬಗೆಯ ದಾಳಿಗೆ ಗುರಿಯಾದರು.

ಇಲ್ಲೊಂದು ಪ್ರಮಾಣಪ್ರಜ್ಞೆ ಅಗತ್ಯ. ಒಟಿಪಿ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಅದನ್ನು ತಾವೇ ಫೋನಿನಲ್ಲಿ ಓದಿ ಹೇಳಿರುತ್ತಾರೆ, ಇಲ್ಲವೇ ಅವರ ಹೆಸರಿನಲ್ಲಿ ಬೇರೆಯವರು ನಕಲಿ ಸಿಮ್ ಪಡೆದಿರುತ್ತಾರೆ. ಸಿಗ್ನಲಿಂಗ್ ದಾಳಿಗೆ ಹಣ ಬೇಕು, ಪರಿಣತಿ ಬೇಕು. ಆದರೆ ಮೊದಲಿನ ಎರಡರಲ್ಲಿ ಗ್ರಾಹಕನಿಗೆ ಎಚ್ಚರಗೊಳ್ಳಲು ಒಂದು ಅವಕಾಶವಾದರೂ ಇದೆ. ಮೂರನೆಯದರಲ್ಲಿ ಅದೂ ಇಲ್ಲ. ಫೋನು ಮೇಜಿನ ಮೇಲೆಯೇ ಇರುತ್ತದೆ, ಸಂದೇಶ ಮಾತ್ರ ಬೇರೆಲ್ಲಿಗೋ ಹೋಗಿರುತ್ತದೆ. ಆದ್ದರಿಂದ ಈ ದಾರಿಯನ್ನು ಕಾಯಬೇಕಾದವರು ಕಂಪನಿಗಳೇ ಹೊರತು ನಾವಲ್ಲ.

ಕಾಯುವುದು ಹೇಗೆ? ಜಾಲದ ಗಡಿಯಲ್ಲಿ ಹಾದುಹೋಗುವ ಸಿಗ್ನಲಿಂಗ್ ಸಂದೇಶಗಳ ಪ್ರತಿಯೊಂದನ್ನು ಪಕ್ಕದಿಂದಲೇ ತೆಗೆದುಕೊಂಡು ಓದುವ ಶೋಧಕ ಯಂತ್ರಗಳಿವೆ. ಹಿಂದೆ ಇವನ್ನು ಸೆಕೆಂಡಿಗೆ 64 ಕಿಲೋಬಿಟ್ ವೇಗದ ಕಾಲುವೆಗಳಿಗೆ ಜೋಡಿಸುತ್ತಿದ್ದರು. ಇಂದು ಬಹುಪಾಲು ಸಂದೇಶಗಳು ಇಂಟರ್ನೆಟ್ ಮಾದರಿಯ ಜಾಲದಲ್ಲಿಯೇ ಹರಿಯುತ್ತವೆ. ಮೂಲತಃ ಈ ಯಂತ್ರಗಳ ಕೆಲಸ ದೋಷ ಹುಡುಕುವುದು. ಪ್ರತಿ ಕರೆ ಮುಗಿದಾಗಲೂ ಅದು ಏಕೆ ಮುಗಿಯಿತೆಂಬ ಸಂಖ್ಯೆಯೊಂದು ದಾಖಲಾಗುತ್ತದೆ: 16 ಎಂದರೆ ಮಾತು ಮುಗಿಸಿ ಇಟ್ಟರು, 17 ಎಂದರೆ ಆ ಕಡೆಯವರು ಬೇರೆ ಕರೆಯಲ್ಲಿದ್ದರು, 34 ಎಂದರೆ ದಾರಿಯೇ ಖಾಲಿ ಇರಲಿಲ್ಲ. ಹಬ್ಬದ ದಿನ ಊರಿಗೆ ಕರೆ ಸೇರದಿದ್ದರೆ ತಾಯಿಗೆ ಮಗನ ಮೇಲೆ ಮುನಿಸು ಬರಬಹುದು. ಎಲ್ಲೋ ಒಂದು ಕೋಣೆಯಲ್ಲಿ ಕುಳಿತ ಎಂಜಿನಿಯರನಿಗೆ 34ರ ಸಾಲು ಕಾಣುತ್ತಿರುತ್ತದೆ.

ಭದ್ರತೆಗಾಗಿ ಕಾಯುವಾಗ ಪ್ರಶ್ನೆಗಳು ಬದಲಾಗುತ್ತವೆ. ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟವಾದ ಜಿಎಸ್‌ಎಂಎ ಸಂದೇಶಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ. ಕೆಲವು ಸಂದೇಶಗಳು ಹೊರದೇಶದ ಜಾಲದಿಂದ ಬರಲು ಕಾರಣವೇ ಇಲ್ಲ. ಅವನ್ನು ಬಾಗಿಲಲ್ಲಿಯೇ ತಡೆಯಬಹುದು. ಇನ್ನು ಕೆಲವು, ಅತಿಥಿಯಾಗಿ ಬಂದಿರುವ ಗ್ರಾಹಕನ ಮೂಲ ಕಂಪನಿಯಿಂದ ಮಾತ್ರ ಬರಬಹುದು. ಮೂರನೆಯ ವರ್ಗವೇ ಕಠಿಣ. ‘ನಿಮ್ಮ ಗ್ರಾಹಕರು ನಮ್ಮಲ್ಲಿದ್ದಾರೆ’ ಎಂಬ ಸಂದೇಶ ಇದಕ್ಕೆ ಸೇರಿದ್ದು. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಅಕ್ಷರಶಃ ಎರಡೂ ಒಂದೇ. ಪತ್ತೆಗೆ ಹಿಂದಿನ ದಾಖಲೆಯನ್ನು ನೋಡಬೇಕು. ಅರ್ಧ ಗಂಟೆಯ ಹಿಂದೆ ಹುಬ್ಬಳ್ಳಿಯಲ್ಲಿದ್ದ ಫೋನು ಈಗ ಆಫ್ರಿಕಾದ ದೇಶವೊಂದರಲ್ಲಿ ಕಾಣಿಸಿಕೊಂಡರೆ ಅಷ್ಟು ವೇಗದ ವಿಮಾನ ಇನ್ನೂ ಹಾರಿಲ್ಲವೆಂದು ಯಂತ್ರ ತೀರ್ಮಾನಿಸಬೇಕು. ಆದರೆ ಹನ್ನೆರಡು ಗಂಟೆ ಆರಿಸಿಟ್ಟಿದ್ದ ಫೋನಾದರೆ? ಅದನ್ನು ತಡೆದರೆ ನಿಜವಾಗಿ ಪ್ರಯಾಣ ಮಾಡಿದವನ ಫೋನು ಸತ್ತಂತಾಗುತ್ತದೆ. ಕಾವಲು ಅತಿಯಾದರೆ ಒಟಿಪಿ ನಮಗೂ ಬರುವುದಿಲ್ಲ ಎಂಬುದನ್ನು ವಿದೇಶದಲ್ಲಿರುವವರು ಮರೆಯಬಾರದು.

ಕೊಲ್ಲಿ ರಾಷ್ಟ್ರಗಳಲ್ಲಿ ಮಕ್ಕಳಿರುವ ಕರಾವಳಿಯ ಮನೆಗಳಿಗೆ ಇನ್ನೊಂದು ಅನುಭವ ಪರಿಚಿತವಾಗಿರಬೇಕು. ಮಗ ದುಬೈಯಿಂದ ಅಗ್ಗದ ಕಾರ್ಡಿನಲ್ಲಿ ಕರೆ ಮಾಡಿದ್ದಾನೆ. ಪರದೆಯ ಮೇಲೆ ಕಾಣುವುದು ಮಾತ್ರ ಭಾರತದ್ದೇ ಯಾವುದೋ ಅಪರಿಚಿತ ಸಂಖ್ಯೆ. ಅಂಥ ಕರೆ ಹೆಚ್ಚಾಗಿ ‘ಸಿಮ್ ಬಾಕ್ಸ್’ನಿಂದ ಬಂದಿರುತ್ತದೆ. ಹತ್ತಾರು ಸ್ಥಳೀಯ ಸಿಮ್‌ಗಳನ್ನು ಒಂದು ಪೆಟ್ಟಿಗೆಗೆ ಹಾಕಿ, ವಿದೇಶದ ಕರೆಯನ್ನು ಇಂಟರ್ನೆಟ್ ಮೂಲಕ ಅಲ್ಲಿಗೆ ತಂದು, ಸ್ಥಳೀಯ ಕರೆಯಂತೆ ಹೊರಬಿಡುತ್ತಾರೆ. ಇದು ಅಕ್ರಮ. ಕರೆಯ ಮೂಲವೇ ಅಳಿಸಿಹೋಗುವುದರಿಂದ ವಂಚಕರಿಗೂ ಇದು ಅನುಕೂಲ. ಇದನ್ನು ಹಿಡಿಯುವುದೂ ಸಿಗ್ನಲಿಂಗ್ ಓದಿಯೇ: ಮನುಷ್ಯನ ಬಳಿಯಿರುವ ಸಿಮ್ ಊರು ಸುತ್ತುತ್ತದೆ, ಕರೆ ಸ್ವೀಕರಿಸುತ್ತದೆ, ರಾತ್ರಿ ಸುಮ್ಮನಿರುತ್ತದೆ. ಪೆಟ್ಟಿಗೆಯ ಸಿಮ್ ಒಂದೇ ಗೋಪುರದ ಕೆಳಗೆ ಕುಳಿತು ನೂರಾರು ಬೇರೆ ಬೇರೆ ಸಂಖ್ಯೆಗಳಿಗೆ ಕರೆ ಮಾಡುತ್ತದೆ, ಒಂದನ್ನೂ ಸ್ವೀಕರಿಸುವುದಿಲ್ಲ.

ಈ ಓದುವಿಕೆಯ ಫಲವನ್ನು ಭಾರತ ದೊಡ್ಡ ಪ್ರಮಾಣದಲ್ಲಿ ಕಂಡದ್ದು 2024ರ ಅಕ್ಟೋಬರಿನಲ್ಲಿ. ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ ವೃದ್ಧರ ಉಳಿತಾಯವನ್ನು ದೋಚುವವರು ಹೊರದೇಶದಿಂದ ಕರೆ ಮಾಡಿ ಭಾರತದ ಸಂಖ್ಯೆ ಕಾಣುವಂತೆ ಮಾಡುತ್ತಿದ್ದರು. ಮೊಬೈಲ್ ಕಂಪನಿಗಳು ತಮ್ಮ ತಮ್ಮ ಗ್ರಾಹಕರ ಸಂಖ್ಯೆಯನ್ನು ಮಾತ್ರ ಪರೀಕ್ಷಿಸಬಲ್ಲವಾಗಿದ್ದವು. ಅಕ್ಟೋಬರ್ 22ರಂದು ಕೇಂದ್ರ ಸರ್ಕಾರ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ತಡೆವ್ಯವಸ್ಥೆಯನ್ನು ಆರಂಭಿಸಿತು. ಹೊರಗಿನಿಂದ ಭಾರತದ ಮೊಬೈಲ್ ಸಂಖ್ಯೆ ಹೊತ್ತು ಬಂದ ಕರೆಯನ್ನು ನಿಲ್ಲಿಸಿ, ಆ ಸಂಖ್ಯೆಯವರು ನಿಜವಾಗಿಯೂ ವಿದೇಶದಲ್ಲಿ ರೋಮಿಂಗ್‌ನಲ್ಲಿ ಇದ್ದಾರೆಯೇ ಎಂದು ದಾಖಲೆಯನ್ನು ಕೇಳುವುದು ಅದರ ತಿರುಳು. ಇಲ್ಲವೆಂದರೆ ಕರೆ ಅಲ್ಲಿಗೇ ಕೊನೆ. ಮೊದಲ 24 ಗಂಟೆಗಳಲ್ಲಿ ಸುಮಾರು 1.35 ಕೋಟಿ ಕರೆಗಳು, ಅಂದರೆ ಭಾರತದ ಸಂಖ್ಯೆಯೊಂದಿಗೆ ಹೊರಗಿನಿಂದ ಬಂದ ಕರೆಗಳಲ್ಲಿ 90 ಪ್ರತಿಶತ, ಸುಳ್ಳೆಂದು ತಡೆಯಲ್ಪಟ್ಟವೆಂದು ಸರ್ಕಾರ ತಿಳಿಸಿತು. ಪರಿಹಾರ ಇಷ್ಟು ಸರಳವಾಗಿತ್ತೆಂಬುದೇ ಇದರಲ್ಲಿ ನೋವಿನ ಸಂಗತಿ. ಮಾಹಿತಿ ಮೊದಲಿನಿಂದಲೂ ಎಚ್‌ಎಲ್‌ಆರ್‌ಗಳಲ್ಲಿ ಇದ್ದೇ ಇತ್ತು. ಕಂಪನಿಗಳು ಪರಸ್ಪರ ಕೇಳಿಕೊಳ್ಳುವ ಏರ್ಪಾಡು ಮಾತ್ರ ಇರಲಿಲ್ಲ. ಆ ದಾರಿ ಮುಚ್ಚಿದೊಡನೆ ವಂಚನೆ ನಿಂತುಹೋಗಲಿಲ್ಲ ನಿಜ. ಆದರೂ ‘ಅಪರಿಚಿತ ಕರೆ ಎತ್ತಬೇಡಿ’ ಎಂದು ಎಪ್ಪತ್ತು ದಾಟಿದವರಿಗೆ ಬುದ್ಧಿ ಹೇಳುವುದಕ್ಕಿಂತ ಇದು ಎಷ್ಟೋ ಮೇಲಾದ ಕ್ರಮ.

ಕಾಯುವ ಕಣ್ಣೇ ಬೇಹುಗಾರನ ಕಣ್ಣೂ ಆಗಬಲ್ಲದು. ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆ 2020ರ ಮಾರ್ಚಿನಲ್ಲಿ ಒಂದು ವರದಿ ಪ್ರಕಟಿಸಿತು. ಅಮೆರಿಕದಲ್ಲಿ ಸಂಚರಿಸುತ್ತಿದ್ದ ಸೌದಿ ಅರೇಬಿಯಾದ ಫೋನುಗಳು ಎಲ್ಲಿವೆಯೆಂದು ಕೇಳುವ ಲಕ್ಷಾಂತರ ಸಿಗ್ನಲಿಂಗ್ ಸಂದೇಶಗಳು 2019ರ ನವೆಂಬರಿನಿಂದ ನಾಲ್ಕು ತಿಂಗಳ ಕಾಲ ಸೌದಿ ಜಾಲಗಳಿಂದ ಬಂದಿದ್ದವು ಎಂಬುದು ಅದರ ಸಾರ. ತನ್ನ ಗ್ರಾಹಕ ಎಲ್ಲಿದ್ದಾನೆಂದು ಮೂಲ ಕಂಪನಿ ಆಗೊಮ್ಮೆ ಈಗೊಮ್ಮೆ ಕೇಳುವುದರಲ್ಲಿ ತಪ್ಪಿಲ್ಲ. ಒಂದೊಂದೇ ಸಂದೇಶವನ್ನು ನೋಡಿದರೆ ಸಂಶಯಕ್ಕೆ ಎಡೆಯೂ ಇಲ್ಲ. ಎಣಿಸಿ ನೋಡಿದವರಿಗೆ ಮಾತ್ರ ಬೇರೆಯ ಚಿತ್ರ ಕಂಡಿತು. ಕೊಲ್ಲಿಯ ಸಿಮ್ ಹಿಡಿದು ರಜೆಗೆ ಊರಿಗೆ ಬರುವವರಿಗೂ, ಊರಿನ ಸಿಮ್ ಹಿಡಿದು ಇಲ್ಲಿರುವ ನಮಗೂ ಈ ಮಾತು ಅನ್ವಯಿಸುತ್ತದೆ: ಫೋನು ಯಾವ ದೇಶದಲ್ಲಿದ್ದರೂ ಅದು ಎಲ್ಲಿದೆಯೆಂದು ಕೇಳುವ ಅಧಿಕಾರ ಸಿಮ್ ಕೊಟ್ಟ ಜಾಲಕ್ಕೆ ಇದ್ದೇ ಇದೆ.

ಆಫ್‌ಕಾಮಿನ ನಿಷೇಧವನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ಇನ್ನು ಬ್ರಿಟನ್ನಿನ ವಿಳಾಸದ ಹಿಂದೆ ಬ್ರಿಟನ್ನಿನ ಕಂಪನಿಯೇ ಇರಬೇಕಾಗುತ್ತದೆ. ಇದು ಸಣ್ಣ ಗಳಿಕೆಯಲ್ಲ. ಆದರೆ ಬಾಡಿಗೆ ಕೊಡುವ ಬೇರೆ ದೇಶ ಒಂದಿದ್ದರೂ ವಂಚಕರಿಗೆ ಸಾಕು. ಹೀಗಾಗಿ ದಾರಿಯನ್ನು ಕಾಯುವುದರ ಜೊತೆಗೆ, ಬೆಲೆಬಾಳುವ ಸರಕನ್ನು ಆ ದಾರಿಯಲ್ಲಿ ಸಾಗಿಸುವುದನ್ನು ಬಿಡುವುದೇ ವಿವೇಕವೆಂದು ಬ್ಯಾಂಕುಗಳು ಅರಿಯತೊಡಗಿವೆ. ಆಪ್‌ನಲ್ಲಿ ಡಿಜಿಟಲ್ ಟೋಕನ್ ಹೊಂದಿದ ಗ್ರಾಹಕರ ಲಾಗಿನ್‌ಗೆ ಒಟಿಪಿ ಬಳಸುವುದನ್ನು ಹಂತಹಂತವಾಗಿ ಕೈಬಿಡುವುದಾಗಿ ಸಿಂಗಪುರದ ಬ್ಯಾಂಕುಗಳು 2024ರ ಜುಲೈಯಲ್ಲಿ ಪ್ರಕಟಿಸಿದವು. ಯುಎಇಯಲ್ಲಿ 2025ರ ಜುಲೈಯಿಂದ ಎಸ್ಸೆಮ್ಮೆಸ್ ಒಟಿಪಿಯನ್ನು ಬಿಟ್ಟು ಆಪ್ ಮೂಲಕ ದೃಢೀಕರಿಸುವ ಬದಲಾವಣೆ ಆರಂಭವಾಯಿತು. ನಮ್ಮ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿಗೆಂದು ಗೊತ್ತುಮಾಡಿದ ನಿರ್ದೇಶನವು ಒಟಿಪಿಯನ್ನು ರದ್ದುಪಡಿಸಿಲ್ಲ. ಎರಡು ಹಂತದ ದೃಢೀಕರಣಕ್ಕೆ ಬೇರೆ ವಿಧಾನಗಳ ಬಾಗಿಲು ತೆರೆದಿದೆ. ಆ ಬಾಗಿಲಲ್ಲಿ ಎಷ್ಟು ಬೇಗ ನಡೆಯಬೇಕೆಂಬುದು ಬ್ಯಾಂಕುಗಳ ಕೈಯಲ್ಲಿದೆ.

ಹೊರಡಲು ಸಿದ್ಧರಾಗುತ್ತಿರುವವರು ವೀಸಾ ಕಾಗದಗಳ ನಡುವೆ ಈ ಕೆಲಸಕ್ಕೂ ಒಂದು ಮಧ್ಯಾಹ್ನವನ್ನು ತೆಗೆದಿಡುವುದು ಒಳ್ಳೆಯದು. ಅನಿವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಲೇಬೇಕು. ಅದೇ ಹೊತ್ತಿಗೆ ವಿದೇಶಿ ಸಂಖ್ಯೆಯನ್ನು ನೋಂದಾಯಿಸಲು ಬ್ಯಾಂಕು ಒಪ್ಪುವುದೇ, ಆಪ್‌ನಲ್ಲಿ ದೃಢೀಕರಣ ಇದೆಯೇ ಎಂದು ಕೇಳಿ. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ, ಹಾಂಗ್‌ಕಾಂಗ್, ಯುಎಇ, ಸೌದಿ, ಕತಾರ್, ಒಮಾನ್ ಈ ಹತ್ತು ದೇಶಗಳ ಸಂಖ್ಯೆಗೆ ಯುಪಿಐ ಜೋಡಿಸಲು 2023ರ ಜನವರಿಯಲ್ಲಿಯೇ ಅನುಮತಿ ದೊರೆತಿದೆ. ಮೊದಲ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ. ಊರಿನ ಸಿಮ್ಮನ್ನು ಉಳಿಸಿಕೊಳ್ಳುವುದಾದರೆ ಅದನ್ನು ಬಳಕೆಯಲ್ಲಿಡಿ. 90 ದಿನ ಯಾವ ಬಳಕೆಯೂ ಇಲ್ಲದ ಸಂಖ್ಯೆ ರದ್ದಾಗಿ, ಮುಂದೊಂದು ದಿನ ಅಪರಿಚಿತರ ಕೈ ಸೇರಬಹುದು. ಆಗ ನಿಮ್ಮ ಒಟಿಪಿ ಅವರಿಗೆ ತಲುಪಲು ಯಾವ ದಾಳಿಯೂ ಬೇಕಿಲ್ಲ. ‘ಸಿಮ್ ಊರಿನಲ್ಲಿ ಅಪ್ಪನ ಫೋನಿನಲ್ಲಿಯೇ ಇರಲಿ, ಒಟಿಪಿ ಬಂದಾಗ ಓದಿ ಹೇಳುತ್ತಾರೆ’ ಎಂಬ ಏರ್ಪಾಡು ಅನೇಕ ಮನೆಗಳಲ್ಲಿದೆ. ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳುವ ಅಭ್ಯಾಸವನ್ನು ತಂದೆಗೆ ನಾವೇ ಕಲಿಸಿದಂತಾಗುತ್ತದೆ. ನಾಳೆ ಮಗನ ಹೆಸರಿನಲ್ಲಿ ಬೇರೊಬ್ಬರು ಕೇಳಿದರೂ ಅವರು ಓದಿಯಾರು.

5ಜಿಯ ಹೊಸ ಜಾಲದಲ್ಲಿ ದೇಶದೇಶಗಳ ಗಡಿಯಲ್ಲಿ ಗುರುತು ಕೇಳುವ, ಸಂದೇಶವನ್ನು ಮುಚ್ಚಿ ಕಳುಹಿಸುವ ವ್ಯವಸ್ಥೆಯನ್ನು ವಿನ್ಯಾಸದಲ್ಲಿಯೇ ಸೇರಿಸಲಾಗಿದೆ. ಆದರೆ ಹಳೆಯ ಜಾಲ ಇರುವವರೆಗೆ ಹಳೆಯ ಭಾಷೆಯೂ ಇರುತ್ತದೆ. ಬ್ರಿಟನ್ನಿನಲ್ಲಿ 2ಜಿ ಸೇವೆಯನ್ನು ಪೂರ್ಣವಾಗಿ ನಿಲ್ಲಿಸಲು ಇಟ್ಟುಕೊಂಡಿರುವ ಗಡುವು 2033.