ಎಂಜಿನ್ನಿಗೊಂದು ಅಭ್ಯಂಜನ

ಮಕ್ಕಳೇ, ಹೋದ ಶನಿವಾರ ನಮ್ಮ ಅಂಗಳಕ್ಕೆ ಒಬ್ಬ ಭಾರಿ ಅತಿಥಿ ಬಂದ. ಗೂಡ್ಸ್ ಆಟೋದಿಂದ ಇಳಿಸಲು ನಾಲ್ಕು ಜನ ಬೇಕಾಯಿತು. ಮೈತುಂಬ ಕಪ್ಪು ಜಿಡ್ಡು, ಅದರ ಮೇಲೆ ಬೆರಳು ದಪ್ಪದ ಮಣ್ಣು. ನಮ್ಮ ಅಂಬಾಸಿಡರ್ ಕಾರಿಗೆಂದು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ತರಿಸಿದ ಹಳೆಯ ಎಂಜಿನ್ ಅದು. 1489 ಸಿಸಿ, ನಾಲ್ಕು ಸಿಲಿಂಡರು, ಪೆಟ್ರೋಲ್. ನಿಮ್ಮ ಅಜ್ಜ-ಅಜ್ಜಿಯರನ್ನು ಕೇಳಿ, ಆ ಕಾರಿನ ಕಥೆ ಒಂದಾದರೂ ಅವರ ಬಳಿ ಇರುತ್ತದೆ. ಪಶ್ಚಿಮ ಬಂಗಾಳದ ಉತ್ತರಪಾರದ ಕಾರ್ಖಾನೆಯಲ್ಲಿ 2014ರವರೆಗೂ ಅದು ತಯಾರಾಗುತ್ತಿತ್ತು.

ಮೇಸ್ತ್ರಿ ಬಂದವರೇ, "ಸಾರ್, ಮೊದಲು ಇದಕ್ಕೆ ಸ್ನಾನ. ಕೂರಿಸೋದು ನಾಳೆ" ಎಂದರು.

ಐದನೇ ಕ್ಲಾಸಿನ ನನ್ನ ಮೊಮ್ಮಗಳಿಗೆ ನಗು ಬಂತು. "ಅಜ್ಜ, ಹೇಗೂ ಬಾನೆಟ್ ಒಳಗೆ ಹೋಗುತ್ತೆ. ಅದನ್ನ ಯಾರು ನೋಡ್ತಾರೆ?"

ನನಗೆ ಚುರುಕ್ ಎಂದಿತು. ಇದೇ ಮಾತನ್ನು ಎರಡು ವರ್ಷ ನಾನೂ ಹೇಳಿಕೊಂಡು ಬಂದಿದ್ದೆ. ಹಳೇ ಎಂಜಿನ್ನಿನ ಮೇಲೆ ಜಿಡ್ಡು ಕಟ್ಟಿದ್ದರೂ ಒರೆಸಿರಲಿಲ್ಲ. ಅದರ ಅಡಿಯಲ್ಲಿ ಎಲ್ಲೋ ನೀರು ಜಿನುಗುತ್ತಿದ್ದದ್ದು ಕಾಣಲೇ ಇಲ್ಲ. ಧರ್ಮಸ್ಥಳದಿಂದ ಚಿಕ್ಕಮಗಳೂರಿಗೆ ವಾಪಸು ಬರುವಾಗ ಚಾರ್ಮಾಡಿ ಘಾಟಿಯ ಏರಿನಲ್ಲಿ ನೀರೆಲ್ಲ ಖಾಲಿಯಾಗಿ, ಎಂಜಿನ್ ಕಾದು, ಬ್ಲಾಕೇ ಸೀಳಿತು. ಹಿಂದಿನ ಸೀಟಿನಲ್ಲಿ ಮಂಡಿನೋವಿನ ಅಜ್ಜಿ, ಹೊರಗೆ ಮಳೆ. ಲಾರಿಯವರೊಬ್ಬರು ಕೊಟ್ಟಿಗೆಹಾರದವರೆಗೆ ಎಳೆದು ತಂದುಬಿಟ್ಟರು. ಮೊಮ್ಮಗಳಿಗೆ ಇದನ್ನೆಲ್ಲ ಹೇಳಲಿಲ್ಲ. "ನಾಳೆ ಸಂಜೆ ನೀನೇ ಉತ್ತರ ಹೇಳು" ಎಂದೆ.

ಸ್ನಾನಕ್ಕೆ ಮುಂಚೆ ನಮ್ಮ ಕಿವಿಗೆ ನೀರು ಹೋಗದಂತೆ ಅಮ್ಮ ನೋಡಿಕೊಳ್ಳುವುದಿಲ್ಲವೇ? ಎಂಜಿನ್ನಿಗೂ ಅದೇ ಮೊದಲ ಕೆಲಸ. ಕಾರ್ಬುರೇಟರಿನ ಬಾಯಿ, ಹೊಗೆ ಹೋಗುವ ದಾರಿ, ಎಣ್ಣೆ ಹಾಕುವ ಮುಚ್ಚಳ, ಆಯಿಲ್ ಕಡ್ಡಿಯ ತೂತು, ಪೆಟ್ರೋಲ್ ಪೈಪು, ಎಲ್ಲಕ್ಕೂ ಬಟ್ಟೆ ತುರುಕಿ ಮೇಲೆ ಪ್ಲಾಸ್ಟಿಕ್ ಕಟ್ಟಿದೆವು. ಹಳೆಯ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚದೆ ಹಾಗೇ ಬಿಟ್ಟೆವು. ತುರುಕಿದ ಬಟ್ಟೆಗಳನ್ನು ಮೊಮ್ಮಗಳು ಎಣಿಸಿ ಬರೆದಿಟ್ಟಳು: ಒಂಬತ್ತು. ಕೊನೆಗೆ ಒಂಬತ್ತೂ ಹೊರಗೆ ಬರಬೇಕು.

ಒಳಗೆ ನೀರು ಹೋದರೆ ಏನಾಗುತ್ತದೆ? ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ಗಾಳಿ ತುಂಬಿ, ತುದಿಗೆ ಬೆರಳೊತ್ತಿ ತಳ್ಳಿ ನೋಡಿ. ಗಾಳಿ ಕುಗ್ಗುತ್ತದೆ. ಈಗ ನೀರು ತುಂಬಿ ತಳ್ಳಿ. ಅಲುಗುವುದೇ ಇಲ್ಲ. ಸಿಲಿಂಡರಿನಲ್ಲಿ ನೀರು ತುಂಬಿದ್ದಾಗ ಎಂಜಿನ್ ತಿರುಗಿಸಿದರೂ ಹೀಗೆಯೇ. ಪಿಸ್ಟನ್ನನ್ನು ತಳ್ಳುವ ಉಕ್ಕಿನ ದಂಡವೇ ಬಾಗಿಬಿಡಬಹುದು.

ಆಮೇಲೆ ಒಣ ಮಣ್ಣನ್ನು ಮರದ ಚಕ್ಕೆಯಿಂದ ಕೆರೆದೆವು. ಗ್ಯಾಸ್ಕೆಟ್ ಕೂರುವ ನುಣುಪು ಜಾಗಕ್ಕೆ ಕಬ್ಬಿಣ ತಾಗಿಸಬಾರದು. ಅಲ್ಲಿ ಗೀರು ಬಿದ್ದರೆ ಮುಂದೆ ಎಣ್ಣೆ ಸೋರಲು ಅದೇ ದಾರಿ. ಗಟ್ಟಿ ಜಿಡ್ಡಿಗೆ ಮೇಸ್ತ್ರಿ ಸೀಮೆಎಣ್ಣೆ ಹಚ್ಚಿದರು. ಆ ಹೊತ್ತಿನಲ್ಲಿ ಮಕ್ಕಳು ದೂರ, ಬೆಂಕಿಪೊಟ್ಟಣ ಇನ್ನೂ ದೂರ. ಪೆಟ್ರೋಲಿನಿಂದಂತೂ ತೊಳೆಯಲೇಬಾರದು. ಅದರ ಆವಿಗೆ ಒಂದು ಕಿಡಿ ಸಾಕು.

ಉಳಿದ ಜಿಡ್ಡಿಗೆ ಸೋಪಿನ ಪುಡಿ ಕದಡಿದ ನೀರು. ಇಲ್ಲಿ ಮೊಮ್ಮಗಳಿಗೂ ಕೆಲಸ ಸಿಕ್ಕಿತು. ಕೈಗೆ ಗ್ಲೌಸ್, ಕೈಯಲ್ಲಿ ಹಳೇ ಟೂತ್‌ಬ್ರಷ್. ಬರೀ ನೀರಿಗೆ ಹೋಗದ ಎಣ್ಣೆ ಸೋಪಿಗೆ ಹೇಗೆ ಹೋಗುತ್ತದೆ? ಸೋಪಿನ ಒಂದೊಂದು ಕಣಕ್ಕೂ ಎರಡು ತುದಿ. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ ಇಷ್ಟ. ಎಣ್ಣೆಯನ್ನು ಒಂದು ತುದಿ ಹಿಡಿದುಕೊಂಡರೆ, ಇನ್ನೊಂದು ತುದಿ ನೀರಿನ ಜೊತೆ ಹೊರಡುತ್ತದೆ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಅಜ್ಜಿ ತಲೆಗೆ ತಿಕ್ಕುವ ಸೀಗೆಪುಡಿಯೂ ಇದೇ ಕೆಲಸ ಮಾಡುತ್ತದೆ.

ಹದಿನೈದು ನಿಮಿಷ ನೆನೆಸಿ, ತಿಕ್ಕಿ, ಚೊಂಬಿನಿಂದ ನೀರು ಹುಯ್ದೆವು. ರಭಸದ ಪೈಪ್ ಹಿಡಿದರೆ ಆಯಿಲ್ ಸೀಲಿನ ಸಂದಿಯಲ್ಲಿ ನೀರು ಒಳಗೆ ನುಗ್ಗುತ್ತದೆ. ಕೆಳಗೆ ತಗಡಿನ ತಟ್ಟೆ, ಸುತ್ತ ಮರದ ಹೊಟ್ಟು ಹಾಕಿದ್ದೆವು. ಕಪ್ಪು ನೀರು ಚರಂಡಿಗೆ ಹೋಗಲಿಲ್ಲ. ತಟ್ಟೆಯಲ್ಲಿ ನಿಂತದ್ದು, ಎಣ್ಣೆ ಹೀರಿದ ಹೊಟ್ಟು, ಎರಡನ್ನೂ ಮೇಸ್ತ್ರಿ ತಮ್ಮ ಗ್ಯಾರೇಜಿನ ಹಳೇ ಎಣ್ಣೆಯ ಡ್ರಮ್ಮುಗಳ ಜೊತೆ ಇಡಲು ಒಯ್ದರು.

ಬೂದು ಬಣ್ಣದ ಕಬ್ಬಿಣ ಮೆಲ್ಲಗೆ ಮುಖ ತೋರಿಸಿತು. ಆಗಲೇ ಮೊಮ್ಮಗಳು ಕೂಗಿದಳು. "ಮಾಮ, ಇಲ್ಲೊಂದು ನಾಣ್ಯ ಅಂಟಿಕೊಂಡಿದೆ!"

ನಾಣ್ಯವಲ್ಲ, ಬ್ಲಾಕಿನ ಪಕ್ಕದ ತಗಡಿನ ಬಿಲ್ಲೆ. ಬ್ಲಾಕನ್ನು ಎರಕ ಹೊಯ್ಯುವಾಗ, ಒಳಗೆ ನೀರು ಓಡಾಡಲು ಜಾಗ ಬಿಡಲೆಂದು ಮರಳಿನ ಅಚ್ಚು ಇಟ್ಟಿರುತ್ತಾರೆ. ಆಮೇಲೆ ಮರಳು ತೆಗೆದ ತೂತುಗಳಿಗೆ ಇಂಥ ಬಿಲ್ಲೆ ಬಡಿದು ಮುಚ್ಚುತ್ತಾರೆ. ಈ ಬಿಲ್ಲೆಯ ಅಂಚಿನಲ್ಲಿ ತುಕ್ಕಿನ ಕೆಂಪು ಗೆರೆ ಇತ್ತು. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದರು. ಹಪ್ಪಳದಂತೆ ಮುರಿಯಿತು. ಇಷ್ಟು ದಿನ ಅದನ್ನು ಮುಚ್ಚಿ ಹಿಡಿದದ್ದು ಮೇಲಿನ ಜಿಡ್ಡು ಮಾತ್ರ.

"ಪುಟ್ಟಿ, ನೀನು ನೋಡಿದ್ದು ಒಳ್ಳೇದಾಯ್ತು. ಈಗ ಇದು ಹತ್ತು ನಿಮಿಷದ ಕೆಲಸ. ಕಾರಿಗೆ ಕೂರಿಸಿದ ಮೇಲಾಗಿದ್ದರೆ ಇಲ್ಲಿಗೆ ಕೈಯೇ ಹೋಗ್ತಿರಲಿಲ್ಲ" ಎಂದರು ಮೇಸ್ತ್ರಿ. ನನ್ನ ಕಣ್ಣ ಮುಂದೆ ಚಾರ್ಮಾಡಿಯ ಮಳೆ ಬಂದುಹೋಯಿತು. ಆ ಒಂದು ಬಿಲ್ಲೆಯಷ್ಟೇ ಅಲ್ಲ, ಪಕ್ಕದ ಎಲ್ಲ ಬಿಲ್ಲೆಗಳನ್ನೂ ಹೊಸದು ಹಾಕಿಸಿದೆ.

ಇನ್ನೊಂದು ಲಾಭವೂ ಆಯಿತು. ಜಿಡ್ಡಿನ ಕೆಳಗಿದ್ದ ಎಂಜಿನ್ ನಂಬರ್ ಸ್ಪಷ್ಟವಾಗಿ ಕಂಡಿತು. ಎಂಜಿನ್ ಬದಲಾದರೆ ಆರ್‌ಟಿಒ ಕಚೇರಿಗೆ ತಿಳಿಸಿ, ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಗುಜರಿಯ ಬಿಲ್ಲಿನಲ್ಲಿದ್ದ ನಂಬರಿಗೂ ಇದಕ್ಕೂ ತಾಳೆ ನೋಡಿದೆವು, ಸರಿ ಇತ್ತು. ನೀವು ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಚಿತ್ರ ತೆಗೆಯುತ್ತೀರಲ್ಲ, ಹಾಗೆಯೇ ಮೊಮ್ಮಗಳು ಆ ನಂಬರಿನ ಅಚ್ಚು ತೆಗೆದಳು.

ತೊಳೆದ ಕಬ್ಬಿಣವನ್ನು ಹಾಗೇ ಬಿಟ್ಟರೆ ಬೇಗ ತುಕ್ಕು ಹಿಡಿಯುತ್ತದೆ. ಗಾಳಿ ಊದಿ, ಬಿಸಿಲಿಗಿಟ್ಟು ಒಣಗಿಸಿ, ನುಣುಪು ಜಾಗಗಳಿಗೆ ಎಣ್ಣೆ ಸವರಿ, ಉಳಿದ ಕಡೆ ಶಾಖ ತಡೆಯುವ ಬಣ್ಣ ಬಳಿದೆವು. ನಂಬರಿನ ಮೇಲೆ, ಅರ್ತ್ ತಂತಿ ಕೂರುವ ಜಾಗದ ಮೇಲೆ ಮಾತ್ರ ಬಳಿಯಲಿಲ್ಲ. ಕೊನೆಗೆ ಬಟ್ಟೆ ತೆಗೆಯುವಾಗ ಎಣಿಸಿದರೆ ಎಂಟೇ! ಹುಡುಕಿದಾಗ ಒಂಬತ್ತನೆಯದು ಹೊಗೆಯ ದಾರಿಯಲ್ಲಿ ಸಿಕ್ಕಿತು. ಬರೆದಿಡದಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು.

ಭಾನುವಾರ ಸಂಜೆ ಎಂಜಿನ್ ಕಾರಿನೊಳಗೆ ಕೂತಿತು. ಮೇಸ್ತ್ರಿ ಬಾನೆಟ್ ಮುಚ್ಚಿದರು. "ಈಗ ಹೇಳು, ಅದನ್ನ ಯಾರು ನೋಡ್ತಾರೆ?" ಎಂದೆ.

ಅವಳು ಸ್ವಲ್ಪ ಯೋಚಿಸಿದಳು. "ಮುಚ್ಚೋದಕ್ಕೆ ಮುಂಚೆ ನಾವು ನೋಡಬೇಕು, ಅಜ್ಜ."

ಹಿಂದಿನ ಸೀಟಿನಲ್ಲಿ ಆಗಲೇ ಬಂದು ಕೂತಿದ್ದ ಅಜ್ಜಿ, "ಎರಡು ವರ್ಷದ ಹಿಂದೆ ನೀನು ಎಲ್ಲಿದ್ದೆ ಮಗಳೇ?" ಎಂದು ನನ್ನ ಕಡೆ ನೋಡಿದಳು. ನಾನು ಸುಮ್ಮನೆ ಸ್ಟಾರ್ಟ್ ಮಾಡಿದೆ.