ಕೊರಳ ಮುತ್ತು, ಕೈಯ ದುಡಿಮೆ

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ಜನ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬರುವುದು ಹಳೆಯ ರೂಢಿ. ಬಡವರ ಹೆಣ್ಣುಮಕ್ಕಳಿಗೆ ದೇವಿಯ ಹೆಸರಲ್ಲಿ ಮುತ್ತು ಕಟ್ಟುವುದೂ ರೂಢಿಯೇ ಆಗಿತ್ತು. ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಲ್ಲ. ಸಾಕುವ ಭಾರವೆಲ್ಲ ತಾಯಿಯದು.

1982ರ ಕಾಯ್ದೆ ಈ ಪದ್ಧತಿಯನ್ನು ನಿಷೇಧಿಸಿತು. ಆದರೆ ಕಾಯ್ದೆಯಿಂದ ಒಲೆ ಹೊತ್ತೀತೆ? ಮೈರಾಡ ಸಂಸ್ಥೆಯ ಆಸರೆಯಲ್ಲಿ ಬೆಳಗಾವಿ ಜಿಲ್ಲೆಯ ಈ ತಾಯಂದಿರೇ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡರು. ಸಂಘದಲ್ಲಿ ಉಳಿತಾಯ, ಉಳಿತಾಯದ ಮೇಲೆ ಸಾಲ, ಸಾಲದಿಂದ ಆಡು, ಎಮ್ಮೆ. ಹಾಲಿನ ದುಡ್ಡಿನಿಂದ ಪಾಟಿ, ಪುಸ್ತಕ.

ಏಳನೆಯ ವಯಸ್ಸಿಗೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಸಂಸ್ಥೆಯನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು.

ಶಾಲೆಯ ಅರ್ಜಿಯಲ್ಲಿ ತಾಯಿಯ ಹೆಸರೊಂದನ್ನೇ ಬರೆಸುವ ಮಗು ತಲೆತಗ್ಗಿಸಬೇಕಿಲ್ಲ. ನಾಚಬೇಕಾದವರು ಬೇರೆ.